ತಿರುಗುವಾಗ ಎಲ್ಲಿ ನೋಡಬೇಕು

ನಮ್ಮ ಮನೆಯಲ್ಲಿ ಹಸಿವಾಯಿತೆಂದು ಯಾರೂ ಉಣ್ಣುವ ಹಾಗಿರಲಿಲ್ಲ. ಮೊದಲು ಜಳಕ, ಆಮೇಲೆ ಲಿಂಗಪೂಜೆ, ಅದಾದ ಮೇಲೆ ರೊಟ್ಟಿ. ಈ ಸಾಲು ತಪ್ಪಿಸಿದವರು ಯಾರೇ ಇರಲಿ, ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅವರ ಮುಂದಿನ ಗಂಗಾಳವನ್ನು ಮಾತಿಲ್ಲದೆ ಎತ್ತಿಟ್ಟುಬಿಡುತ್ತಿದ್ದಳು. ನಾವಿದ್ದದ್ದು ಗೋಕಾಕದ ಧಬಧಬಿಯ, ಅಂದರೆ ಜಲಪಾತದ ಮಗ್ಗುಲಿಗೆ, ಗಿರಣಿಯ ಕಾರಕೂನರಿಗೆಂದು ಕಟ್ಟಿಸಿದ್ದ ಮೂರು ಖೋಲಿಯ ಮನೆಯಲ್ಲಿ. ಮುಂದೆ ಪಡಸಾಲೆ, ನಡುವೆ ಹಗಲಲ್ಲೂ ಕತ್ತಲೆಯ ನಡುಮನೆ, ಹಿಂದೆ ಅಡಿಗೆಮನೆ. ಅದರ ಮೂಲೆಗೆ ಹಲಗೆ ಅಡ್ಡಹಾಕಿ ಒಂದು ಬಾಗಿಲು ಕೂಡಿಸಿ ಮಾಡಿದ್ದು ದೇವರಖೋಲಿ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ನೀರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಒದರಿ ಮಾತಾಡುವುದು ರೂಢಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದ ಮೇಲೂ ಆ ರೂಢಿ ಬಿಡಲಿಲ್ಲ. ಅವ್ವನಿಗೂ ಆಯಿಗೂ ಉಪ್ಪಿನ ಸಲುವಾಗಿ ಜಗಳವಾದರೆ ಇಡೀ ಸಾಲುಮನೆಗಳಿಗೆ ನಮ್ಮ ಸಾರು ಸಪ್ಪೆಯೆಂದು ತಿಳಿಯುತ್ತಿತ್ತು.

ನನಗೆ ಲಿಂಗ ಕಟ್ಟಿದ್ದು ಹುಟ್ಟಿದ ಕೆಲವು ದಿನಕ್ಕೆ. ದೀಕ್ಷೆ ಕೊಟ್ಟು ಪೂಜೆ ಕಲಿಸಿದ್ದು ಎಂಟನೆಯ ವರ್ಷಕ್ಕೆ. ಬೆಳ್ಳಿಯ ಕರಡಿಗೆಯೊಳಗೆ ಆ ಕರಿಯ ಲಿಂಗ, ಕರಡಿಗೆ ದಾರದಲ್ಲಿ, ದಾರ ಕೊರಳಲ್ಲಿ. ಮಲಗಿದರೂ ಎದ್ದರೂ ಅದು ಮೈಮೇಲಿಂದ ಇಳಿಯುವ ಹಾಗಿಲ್ಲ. ಇಳಿದರೆ ಉಸಿರು ಇಳಿದ ಹಾಗೆ ಎಂದು ಆಯಿ ಹೇಳಿಕೊಟ್ಟಿದ್ದಳು. ದಿನಾ ಮುಂಜಾನೆ ನಾನೂ ಅವಳೂ ದೇವರಖೋಲಿಯಲ್ಲಿ ಎದುರುಬದುರು ಕೂಡುತ್ತಿದ್ದೆವು. ಲಿಂಗವನ್ನು ಎಡ ಅಂಗೈಮೇಲೆ ಇಟ್ಟುಕೊಂಡು, ನೀರು ಹನಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆ ಸುಮ್ಮನೆ ಅದನ್ನೇ ನೋಡುತ್ತ ಕೂಡಬೇಕು. ನೀರು, ವಿಭೂತಿ, ಪತ್ರಿ ನನಗೆ ಬರುತ್ತಿದ್ದವು. ನೋಡುವುದೊಂದು ಬರುತ್ತಿರಲಿಲ್ಲ. ಇರುವೆ ಹೋದರೆ ನನ್ನ ಕಣ್ಣು ಇರುವೆಯ ಹಿಂದೆ, ಒಲೆಯಲ್ಲಿ ಕಟ್ಟಿಗೆ ಸಿಡಿದರೆ ಒಲೆಯ ಕಡೆ.

"ಕಣ್ಣ ಎಲ್ಲೈತಿ?"

ಎಂದು ಆಯಿ ಬೆರಳಗಂಟಿನಿಂದ ನನ್ನ ಮೊಣಕಾಲಿಗೆ ಕುಟ್ಟುತ್ತಿದ್ದಳು. ಒಂಬತ್ತನೆಯ ವರ್ಷದ ಹೊತ್ತಿಗೆ, ಬೈಸಿಕೊಂಡೋ ಕುಟ್ಟಿಸಿಕೊಂಡೋ, ನೂರು ಎಣಿಸುವಷ್ಟು ಹೊತ್ತು ಕಣ್ಣು ನಿಲ್ಲತೊಡಗಿತು. ಅಷ್ಟರಲ್ಲಿ ಬಂಗಲೆಯ ಕರೆ ಬಂತು.

ದಿಬ್ಬದ ಮೇಲಿನ ಬಂಗಲೆಯಲ್ಲಿ ಗಿರಣಿಯ ಇಂಜಿನಿಯರ್ ಸಾಹೇಬರು, ಅವರ ಹೆಂಡತಿ, ಹತ್ತು ವರ್ಷದ ಒಬ್ಬಳೇ ಮಗಳು ರೋಜ್ ಇರುತ್ತಿದ್ದರು. ಸಾಹೇಬರ ಹೆಂಡತಿಯನ್ನು ನಾವೆಲ್ಲ ಮಡಮ್ ಎನ್ನುತ್ತಿದ್ದೆವು. ಮಡಮ್ ಚಿಕ್ಕವರಿದ್ದಾಗ ತಮ್ಮ ದೇಶದಲ್ಲಿ ಬ್ಯಾಲೆ ಎಂಬ ನಾಟ್ಯ ಕಲಿತವರಂತೆ. ಮಗಳಿಗೂ ಕಲಿಸಬೇಕೆಂದು ಹಟ. ಆ ಹುಡುಗಿಗೆ ಒಬ್ಬಳೇ ಕಲಿಯಲು ಬೇಸರ. ಜೊತೆಗೊಂದು ಹುಡುಗಿ ಬೇಕೆಂದು ಸಾಹೇಬರು ಅಪ್ಪನನ್ನು ಕೇಳಿದರು. ಏನು ಕಲಿಸುತ್ತಾರೆಂದು ಅಪ್ಪ ಕೇಳಲಿಲ್ಲ. ಇಂಗ್ಲಿಷರ ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಮತ್ತೇನು ಕಲಿಸಿಯಾರು ಎಂದು ತಾನೇ ತಿಳಿದುಕೊಂಡು, ಆ ಸಂಜೆ ಒಂದು ರೊಟ್ಟಿ ಹೆಚ್ಚು ತಿಂದ.

"ಇಂಗ್ಲೀಷ ಕಲ್ಯಾಕ ಹೊಕ್ಕಾಳ ಯವ್ವಾ. ಉಣ್ಣಾಕಲ್ಲ," ಎಂದು ಆಯಿಗೆ ಹೇಳಿದ.

"ಹೋಗಲಿ. ಹನಿ ನೀರ ಸೈತ ಅಲ್ಲಿ ಬಾಯಾಗ ಹಾಕಬ್ಯಾಡ ಅಂತ ಹೇಳ," ಎಂದಳು ಆಯಿ.

ವಾರಕ್ಕೆ ಎರಡು ದಿನ, ಬಿಸಿಲೇರುವ ಮುಂಚೆ ಹೋಗಬೇಕು. ತುಂಬಿದ ಹೊಟ್ಟೆಯಲ್ಲಿ ಬರಬಾರದೆಂದು ಮಡಮ್ ಮೊದಲೇ ಹೇಳಿಕಳಿಸಿದ್ದರು. ಹಾಗಾಗಿ ಆ ದಿನಗಳಲ್ಲಿ ಜಳಕ ಮಾಡಿ ಬಂಗಲೆಗೆ, ತಿರುಗಿ ಬಂದು ಪೂಜೆ, ಆಮೇಲೆ ಊಟ ಎಂದು ಗೊತ್ತಾಯಿತು. ಹೋಗಿ ನೋಡಿದರೆ ಪುಸ್ತಕವಿಲ್ಲ, ಪಾಟಿಯಿಲ್ಲ. ವರಾಂಡದ ಅಂಚಿಗಿದ್ದ ಕಟ್ಟಿಗೆಯ ಕಟಾಂಜನ ಹಿಡಿದುಕೊಂಡು ನಿಲ್ಲಬೇಕು. ಹಿಮ್ಮಡಿ ಕೂಡಿಸಿ, ಬೆರಳು ಹೊರಕ್ಕೆ ಮಾಡಿ, ಬೆನ್ನು ಸೆಟೆಸಿ, ಮೊಣಕಾಲು ಬಗ್ಗಿಸಿ ಏಳಬೇಕು. ಮಡಮ್ ಒಂದರಿಂದ ಎಂಟರವರೆಗೆ ಎಣಿಸುತ್ತಿದ್ದರು, ಮತ್ತೆ ಒಂದು. ಇದೇ ಇಂಗ್ಲಿಷ್ ಇರಬೇಕು, ಅಕ್ಷರಕ್ಕಿಂತ ಮೊದಲು ಕಾಲು ಪಳಗಿಸುತ್ತಾರೇನೋ ಎಂದುಕೊಂಡೆ. ಮನೆಯಲ್ಲಿ ಅಪ್ಪ ಕೇಳಿದಾಗ ಎಂಟರವರೆಗೆ ಎಣಿಸಿ ತೋರಿಸಿದೆ. ಅವನಿಗೆ ಅಷ್ಟೇ ಸಾಕಾಯಿತು. ಕಾಲಿನ ವಿಷಯವನ್ನು ಸಾಲೆಯಲ್ಲಿ ಮಾಡಿಸುವ ಕವಾಯತು ಎಂದು ಹೇಳಿದೆ. ಅದು ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ. ಬೇರೆ ಹೆಸರು ನನ್ನ ಹತ್ತಿರ ಇರಲಿಲ್ಲ. ಅವ್ವ ಮಾತ್ರ ರೊಟ್ಟಿ ಬಡಿಯುತ್ತ ನನ್ನ ಕಾಲು ನೋಡಿದಳು.

"ಕವಾಯತ ಮಾಡವರ ಕಾಲ ಹಿಂಗ ಬಾತುಕೋಳಿ ಕಾಲ ಆಗೂದಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿ, "ಆಯಿ ಮುಂದ ಹಂಗ ನಿಂದರಬ್ಯಾಡ."

ಕುಣಿಯುವುದು ಎಂದರೆ ನಮ್ಮ ಮನೆಯಲ್ಲಿ ಬಯಲಾಟದವರು, ತಮಾಷೆಯವರು. ಮನೆತನಸ್ಥರ ಹುಡುಗಿಯ ಬಾಯಲ್ಲಿ ಆ ಮಾತೇ ಬರಬಾರದು. ಅವ್ವನಿಗೆ ತಿಳಿದಿತ್ತು, ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಅವಳನ್ನು ಕಡೆಯವರೆಗೂ ಕೇಳಲಿಲ್ಲ.

ಕಟಾಂಜನ ಹಿಡಿದು ಮಾಡುವುದೆಲ್ಲ ನನಗೆ ಬೇಗ ಬಂತು. ತೊಂದರೆ ಶುರುವಾದದ್ದು ಅದನ್ನು ಬಿಟ್ಟ ಮೇಲೆ. ಮಡಮ್ ಮೇಜು ಕುರ್ಚಿ ಸರಿಸಿ, ಖೋಲಿಯ ನಡುವೆ ನಿಂತು, ಬಟ್ಲರನಿಂದ ಕಲಿತ ನಾಲ್ಕು ಹಿಂದೂಸ್ತಾನಿ ಮಾತಿನಲ್ಲಿ "ಸೆಂಟರ್ ಮೇ ಆವ್" ಎಂದು ಕರೆದರು. ನಡುವೆ ಬಂದು ನಿಂತರೆ ಹಿಡಿಯಲು ಏನೂ ಇಲ್ಲ. ಕಟಾಂಜನದ ಹತ್ತಿರ ಜಾಣವಾಗಿದ್ದ ನನ್ನ ಕಾಲುಗಳು ಅಲ್ಲಿ ಶುದ್ಧ ದಡ್ಡವಾದವು. ಒಂದು ಕಾಲಿನ ಮೇಲೆ ಎದ್ದು, ಇನ್ನೊಂದು ಪಾದವನ್ನು ಮೊಣಕಾಲಿಗೆ ತಾಗಿಸಿ, ಎರಡೂ ಕೈ ಎದೆಯ ಮುಂದೆ ಕೂಡಿಸಿ ಗಿರಕಿ ತಿರುಗಬೇಕು. ರೋಜ್ ಎರಡು ತಿರುಗಿ, ಕಳ್ಳಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿದ್ದಳು. ನಾನು ಒಂದು ತಿರುಗುವುದರೊಳಗೆ ಎಡಕ್ಕೆ ಎರಡು ಮಾರು ಹೋಗಿ ಕಪಾಟಿಗೆ ಹಾಯುತ್ತಿದ್ದೆ. ತಲೆ ಸುತ್ತುತ್ತಿತ್ತು. ಮನೆಗೆ ಬಂದು ಆಯಿ ಹಿತ್ತಲಿಗೆ ಹೋದ ಹೊತ್ತು ನೋಡಿ ಪಡಸಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಮೊದಲು ಕಂಬ ಹಿಡಿದು, ಆಮೇಲೆ ಕಂಬ ಬಿಟ್ಟು.

"ಬೀಸೂಕಲ್ಲ ತಿರಗತೈತಿ ಖರೆ, ಅದಕ್ಕ ನಡಕ ಗೂಟ ಐತಿ," ಎಂದಳು ಅವ್ವ ಒಂದು ದಿನ, ಕಾಳು ಹಸನು ಮಾಡುತ್ತ, ತಲೆ ಎತ್ತದೆ. "ನಿನ್ನ ಗೂಟ ಎಲ್ಲೈತಿ?"

ಕಲಿಸಿದವರಲ್ಲಿ ಅವ್ವನನ್ನೂ ಎಣಿಸಬೇಕು. ನಿಂತ ಕಾಲೇ ಗೂಟ, ಅದು ಅಲುಗಬಾರದು ಎಂದು ನನಗೆ ತಿಳಿದದ್ದು ಬೀಸುಕಲ್ಲಿನಿಂದ. ಅಂದಿನಿಂದ ಒಂದು ಸುತ್ತು ಕೂಡಿಬಂತು. ಎರಡನೆಯದಕ್ಕೆ ಮತ್ತೆ ಕಪಾಟು. ಆಗ ಮಡಮ್ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗಡಿಯಾರದ ಕಡೆ ತಿರುಗಿಸಿ, "ಉಧರ್ ದೇಖೋ, ಛೋಡೋ ಮತ್" ಎಂದರು. ಮುಖವನ್ನು ಅಲ್ಲೇ ಹಿಡಿದುಕೊಂಡು ರೋಜ್‌ಳಿಂದ ನನ್ನ ಹೆಗಲು ತಿರುಗಿಸಿದರು. ಇನ್ನು ಕುತ್ತಿಗೆ ಬಾರದು ಎನ್ನುವ ಗಳಿಗೆಯಲ್ಲಿ ಮುಖ ಬಿಟ್ಟು, ಅದನ್ನು ಆ ಕಡೆಯಿಂದ ಗಪ್ಪನೆ ತಂದು ಮತ್ತೆ ಗಡಿಯಾರಕ್ಕೆ ನಿಲ್ಲಿಸಿದರು. ಮೈ ತನ್ನ ಪಾಡಿಗೆ ತಿರುಗಬೇಕು, ಕಣ್ಣು ಎಲ್ಲಕ್ಕಿಂತ ಕಡೆಗೆ ಹೊರಟು ಎಲ್ಲಕ್ಕಿಂತ ಮೊದಲು ಬಂದು ಮುಟ್ಟಬೇಕು. ನನಗೆ ಗಾಬರಿಯಾಯಿತು. ಇದು ಆಯಿಯ ಮಾತು. ದಿಬ್ಬದ ಕೆಳಗೆ ಒಬ್ಬಳು ನೋಡು, ಬಿಡಬೇಡ ಎನ್ನುತ್ತಾಳೆ, ದಿಬ್ಬದ ಮೇಲೆ ಇನ್ನೊಬ್ಬಳು ಅದನ್ನೇ ಎನ್ನುತ್ತಾಳೆ. ಇಬ್ಬರೂ ಭೆಟ್ಟಿಯಾಗಿ ನನ್ನ ವಿಷಯ ಮಾತಾಡಿದ್ದಾರೆಯೇ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ಗಡಿಯಾರ ನನಗೆ ಒಗ್ಗಲಿಲ್ಲ. ಅದರ ಲೋಲಕದ ಜೊತೆ ನನ್ನ ಕಣ್ಣೂ ತೂಗಾಡುತ್ತಿತ್ತು. ಗೋಡೆಯಲ್ಲಿ ಮೀಸೆಯ ಮುದುಕನೊಬ್ಬನ ಚಿತ್ರವಿತ್ತು, ಅದನ್ನು ನೋಡಿದರೆ ಅಂಜಿಕೆ. ಹೂದಾನಿಯ ಹೂವನ್ನು ನೋಡೋಣವೆಂದರೆ ಅದು ದಿನಕ್ಕೊಂದು ಬಣ್ಣ. ಅಲುಗದೆ ನೋಡುವುದನ್ನು ನನಗೆ ಯಾರಾದರೂ ಕಲಿಸಿದ್ದರೆ ಅದು ಒಂದೇ ವಸ್ತುವಿನ ಮುಂದೆ. ಒಂದು ಭಾನುವಾರ ಮುಂಜಾನೆ ಬಂಗಲೆಯಲ್ಲಿ ನಾನು ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು, ನನ್ನ ಕಣ್ಣಿನ ಎತ್ತರಕ್ಕಿದ್ದ ಖಿಡಕಿಯ ಬಿಳಿಯ ಹಲಗೆಯ ಮೇಲೆ ಇಟ್ಟೆ. ತಪ್ಪು ಮಾಡುತ್ತಿದ್ದೇನೆ ಎಂದು ಒಂದು ಸಾಸಿವೆಯಷ್ಟೂ ಅನ್ನಿಸಲಿಲ್ಲ. ಅದನ್ನು ನೋಡಬೇಕು, ಬಿಡಬಾರದು, ನೋಡಲಿಕ್ಕೇ ಇಟ್ಟಿದ್ದೆ.

ಎದ್ದೆ, ತಿರುಗಿದೆ. ಲಿಂಗ ಹೋಯಿತು, ಬಂತು. ಹೋಯಿತು, ಬಂತು. ಖೋಲಿ, ಕಪಾಟು, ರೋಜ್, ಮೀಸೆಯ ಮುದುಕ ಎಲ್ಲ ಸೇರಿ ಒಂದು ಪಟ್ಟಿಯಾಗಿ ಹರಿದುಹೋದವು. ಅದರ ನಡುವೆ ಕರಿಯ ಚುಕ್ಕೆಯೊಂದೇ ಇದ್ದಲ್ಲೇ ಇತ್ತು. ಮೂರು ಸುತ್ತಾಗಿತ್ತು. ಇಳಿದಾಗ ಎಲ್ಲಿ ಎದ್ದಿದ್ದೆನೋ ಅಲ್ಲೇ ನಿಂತಿದ್ದೆ, ತಲೆ ತಿಳಿನೀರಿನ ಹಾಗಿತ್ತು. ಮಡಮ್ ಚಪ್ಪಾಳೆ ತಟ್ಟಿದರು. ರೋಜ್ ಮೂತಿ ಉಬ್ಬಿಸಿಕೊಂಡು ಹೊರಗೆ ಹೋದಳು. ಅಷ್ಟು ಸಂತೋಷ ನನಗೆ ಆ ಮೊದಲು ಎಂದೂ ಆಗಿರಲಿಲ್ಲ. ಮತ್ತೆ ಮತ್ತೆ ತಿರುಗಿದೆ, ಹೊತ್ತಾಯಿತೆಂದು ನೆನಪಾಗಿ ದಿಬ್ಬ ಇಳಿದು ಓಡಿದೆ. ಕರಡಿಗೆ ಕೊರಳಲ್ಲಿತ್ತು. ಲಿಂಗ ಖಿಡಕಿಯಲ್ಲೇ ಉಳಿದಿತ್ತು.

ದೇವರಖೋಲಿಯಲ್ಲಿ ಕೂತು ಕರಡಿಗೆ ಬಿಚ್ಚಿದಾಗಲೇ ನನಗೆ ತಿಳಿದದ್ದು. ಮುಚ್ಚಿಬಿಡೋಣವೆಂದರೆ ಅವಸರಕ್ಕೆ ಮುಚ್ಚಳ ಕೂಡಲಿಲ್ಲ. ಆಯಿ ನೋಡಿದಳು.

"ಎಲ್ಲೈತಿ?"

"ಖಿಡಕ್ಯಾಗ."

"ಯಾವ ಖಿಡಕ್ಯಾಗ?"

"ಮಡಮ್‌ನವರ ಖಿಡಕ್ಯಾಗ."

ಒದರಾಡುವ ನಮ್ಮ ಮನೆ ಅಂದು ಮೊದಲ ಸಲ ಸುಮ್ಮನಾಯಿತು. ಅವ್ವನ ಕೈ ನಿಂತು ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಇಳಿದರೆ ಉಸಿರು ಇಳಿದ ಹಾಗೆ ಎಂದಿದ್ದಳಲ್ಲ, ನಾನು ಬೆರಳನ್ನು ಮೂಗಿನ ಹತ್ತಿರ ಹಿಡಿದು ನೋಡಿಕೊಂಡೆ. ಉಸಿರು ಬರುತ್ತಿತ್ತು. ಹಾಗಾದರೆ ನಾನು ಬದುಕಿದ್ದೇನೆಯೋ, ಇನ್ನು ಸ್ವಲ್ಪ ಹೊತ್ತಿಗೆ ಸಾಯುತ್ತೇನೆಯೋ, ಯಾರನ್ನು ಕೇಳಬೇಕೆಂದು ಗೊತ್ತಾಗಲಿಲ್ಲ. ಆಯಿ ಅಡಿಗೆಯ ಮೇಲೆಲ್ಲ ಮುಚ್ಚಳ ಹಾಕಿಸಿದಳು. ಲಿಂಗ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟವಿಲ್ಲ. ಅಪ್ಪ ಟೊಪ್ಪಿಗೆ ಹಾಕಿಕೊಂಡು ಬಾಗಿಲಿಗೆ ಬಂದ.

"ನಾ ಹೋಗಿ ತರತೇನಿ ಯವ್ವಾ."

"ನೀ ಮುಟ್ಟಬ್ಯಾಡ. ಯಾರ ಮೈಮ್ಯಾಲಿಂದ ಇಳದೈತಿ, ಅಕಿನ ಮುಟ್ಟಬೇಕು. ನಾ ಕರಕೊಂಡ ಹೊಕ್ಕೇನಿ."

"ನೀ ಬಂಗಲೇಕ ಹೋದರ ಸಾಹೇಬರಿಗಿ ನಾ ಏನಂತ ಹೇಳ್ಲಿ? ಇದು ನಾಕ ಮಂದಿಗಿ ಗೊತ್ತಾದರ ನಮ್ಮನ್ನ ಹೊರಗ ಹಾಕತಾರ."

"ನಾಕ ಮಂದಿ ಆಮ್ಯಾಲ. ಮದ್ಲ ಹುಡುಗಿ," ಎಂದಳು ಆಯಿ.

ಆಕೆ ಬರಿಗಾಲಲ್ಲಿ ಮುಂದೆ, ನಾನು ಹಿಂದೆ. ಬಿಸಿಲೇರಿತ್ತು, ಇಬ್ಬರ ಬಾಯಲ್ಲೂ ಹನಿ ನೀರು ಬಿದ್ದಿರಲಿಲ್ಲ. ದಿಬ್ಬ ಏರುತ್ತ ಎಲ್ಲ ಹೇಳಿಬಿಟ್ಟೆ: ಪುಸ್ತಕ ಇಲ್ಲದ್ದು, ಕಟಾಂಜನ, ಕಪಾಟು, ಮೂರು ಸುತ್ತು.

"ಅಂದರ ಕುಣಿತೀ?" ಎಂದಳು ಹಿಂದಿರುಗಿ ನೋಡದೆ.

"ಕುಣ್ಯಾಕಲ್ಲ ಆಯಿ. ತಿರಗಾಕ."

"ಎರಡಕ್ಕೂ ಏನ ಫರಕ?"

"ಗೊತ್ತಿಲ್ಲ," ಎಂದೆ. ಖರೆಯೇ, ನನಗೆ ಗೊತ್ತಿರಲಿಲ್ಲ.

ಬಂಗಲೆಯ ಆ ಖೋಲಿಯಲ್ಲಿ ಮಡಮ್ ಖಿಡಕಿಯ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಲಿಂಗವನ್ನು ಅವರು ಮುಟ್ಟಿರಲಿಲ್ಲ. ಅದರ ಮೇಲೆ ಗಾಜಿನ ಬಟ್ಟಲೊಂದನ್ನು ಬೋರಲು ಹಾಕಿ, ನಾಯಿ ಬಾರದ ಹಾಗೆ ಅಷ್ಟು ಹೊತ್ತೂ ಕಾಯುತ್ತಿದ್ದರೆಂದು ಬಟ್ಲರ ಹೇಳಿದ. ಅದೇನೆಂದು ಅವರಿಗೆ ತಿಳಿದಿರಲಾರದು. ನಾನು ಅದನ್ನು ನೋಡಿದ ರೀತಿ ನೋಡಿ ಏನೋ ತಿಳಿದುಕೊಂಡಿರಬೇಕು. ಆಯಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಪರದೇಶದವರ ಮನೆಯ ಹೊಸ್ತಿಲನ್ನು ಅವಳು ಜನ್ಮದಲ್ಲಿ ದಾಟಿದವಳಲ್ಲ. ದಾಟಿದಳು. ನಾನು ಬಟ್ಟಲು ಸರಿಸಿ ಕೈ ಚಾಚಿದೆ.

"ತಡಿ," ಎಂದಳು. "ಇಲ್ಲಿ ಯಾಕ ಇಟ್ಟಿದ್ದಿ?"

"ನೋಡಾಕ."

"ನೋಡಾಕ ಅಂಗೈ ಇಲ್ಲೇನ ನಿನಗ?"

"ಅಂಗೈ ನನ್ನ ಕೂಡ ತಿರಗತೈತಿ ಆಯಿ. ಇದು ಒಂದ ಕಡೆ ನಿಂದರಬೇಕು."

ಆಯಿ ನನ್ನನ್ನು ನೋಡಿದಳು, ಲಿಂಗವನ್ನು ನೋಡಿದಳು, ಮಡಮ್‌ನವರನ್ನೂ ನೋಡಿದಳು. ಹೊಡೆಯುತ್ತಾಳೆಂದು ನಾನು ಹೆಗಲು ಕುಗ್ಗಿಸಿಕೊಂಡೆ.

"ಹ್ಯಾಂಗ ತಿರಗತೀ, ತಿರುಗು," ಎಂದಳು.

ಖೋಲಿಯ ನಡುವೆ ಹೋಗಿ ನಿಂತೆ. ಹಸಿದ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಎದ್ದು ತಿರುಗಿದ ಮೇಲೆ ಹಸಿವು ಎಲ್ಲಿ ಹೋಯಿತೋ. ಆಯಿ ಖಿಡಕಿಯ ಮಗ್ಗುಲಿಗೇ ನಿಂತಿದ್ದರಿಂದ ಪ್ರತಿ ಸುತ್ತಿಗೂ ಲಿಂಗ ಬಂತು, ಅದರ ಬಾಜೂ ಅವಳ ಮುಖ ಬಂತು. ಅವಳು ನನ್ನ ಕಾಲು ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದಳು. ನಾಲ್ಕು ಸುತ್ತಾದ ಮೇಲೆ ಇಳಿದೆ. ಮಡಮ್ ತಮ್ಮ ಮಾತಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಆಯಿಗೆ ತಿಳಿಯಲಿಲ್ಲ, ಆದರೂ ಅವರ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. ನಾನು ಲಿಂಗವನ್ನು ಕರಡಿಗೆಯಲ್ಲಿ ಇಟ್ಟುಕೊಂಡೆ. ಎಲ್ಲ ಮುಗಿಯಿತು, ನನಗೆ ಕ್ಷಮೆಯಾಯಿತು ಎಂದು ಹಗುರಾಗಿ ಹೊರಬಿದ್ದೆ. ದಿಬ್ಬದ ನಡುವೆ ಬಂದಾಗ ಆಯಿ ಬಾಯಿ ತೆರೆದಳು.

"ಇನ್ನ ಆ ಮನಿಗಿ ಹೋಗೂದ ಬ್ಯಾಡ."

ಮೂರನೆಯ ದಿನ ಹುಕ್ಕೇರಿ ಕಡೆಯಿಂದ ನಮ್ಮ ಮನೆತನದ ಅಯ್ಯನವರನ್ನು ಕರೆಸಿ, ಲಿಂಗವನ್ನು ಶುದ್ಧಮಾಡಿಸಿ, ಮತ್ತೊಮ್ಮೆ ನನ್ನ ಕೊರಳಿಗೆ ಕಟ್ಟಿಸಿದರು. ಹೇಗೆ ಇಳಿಯಿತು ಎಂದು ಅಯ್ಯನವರು ಕೇಳಿದರು.

"ಜಳಕದಾಗ ದಾರ ಹರೀತ್ರಿ," ಎಂದಳು ಆಯಿ.

ಸುಳ್ಳು ಹೇಳಿದವರಿಗೆ ಊಟ ಹಾಕದ ಆಯಿ, ಕಣ್ಣೆವೆ ಬಡಿಯದೆ ಸುಳ್ಳು ಹೇಳಿದಳು. ನನ್ನ ತಲೆಯಲ್ಲಿ ಇದ್ದಬಿದ್ದದ್ದೂ ಕಲಸಿಹೋಯಿತು. ನಾನು ಮಾಡಿದ್ದು ಪಾಪವಾದರೆ ನನ್ನನ್ನು ಯಾಕೆ ತಿರುಗಿಸಿ ನೋಡಿದಳು? ಪಾಪವಲ್ಲದಿದ್ದರೆ ಯಾಕೆ ಬಿಡಿಸಿದಳು? ಅವ್ವನನ್ನು ಕೇಳಿದರೆ "ಸುಮ್ಮನ ಉಣ್ಣ" ಎಂದಳು. ಅಪ್ಪ ನನಗೆ ಜ್ವರವೆಂದು ಸಾಹೇಬರಿಗೆ ಹೇಳಿದ್ದರಿಂದ, ಆ ಜ್ವರವನ್ನು ನಿಜ ಮಾಡಲು ನಾನು ಎಂಟು ದಿನ ಹೊರಗೆ ಬರುವಂತಿರಲಿಲ್ಲ. ಪಡಸಾಲೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ನಿಂತು ನೋಡಿದೆ, ಕಾಲು ಏಳಲಿಲ್ಲ. ಆಯಿಯ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಆ ಎಂಟು ದಿನ ಅವಳ ಜೊತೆ ಬೇಕೆಂತಲೇ ಮಾತು ಬಿಟ್ಟೆ. ಪೂಜೆಗೆ ಕೂತರೂ ಲಿಂಗವನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದೆ. ಕಣ್ಣ ಎಲ್ಲೈತಿ ಎಂದು ಅವಳು ಒಂದು ದಿನವೂ ಕೇಳಲಿಲ್ಲ, ಮೊಣಕಾಲಿಗೆ ಕುಟ್ಟಲಿಲ್ಲ. ನನ್ನನ್ನು ಕೈಬಿಟ್ಟಳೆಂದೇ ತಿಳಿದೆ.

ಒಂಬತ್ತನೆಯ ದಿನ ಅವ್ವ ನೀರಿಗೆ ಹೋಗಿದ್ದಳು, ಅಪ್ಪ ಗಿರಣಿಗೆ. ದೇವರಖೋಲಿಯಲ್ಲಿ ನಾವಿಬ್ಬರೇ. ಆಯಿಯ ಅಂಗೈಮೇಲೆ ಅವಳ ಲಿಂಗವಿತ್ತು, ಪತ್ರಿ ಏರಿಸಿ ಆಗಿತ್ತು.

"ನೀಲವ್ವಾ," ಎಂದಳು. ಅವಳು ನನ್ನನ್ನು ಹೆಸರಿನಿಂದ ಕರೆದದ್ದು ಅಪರೂಪ. "ನಿನ್ನ ವಾರಗಿ ಇದ್ದಾಗಿಂದ ಇದನ್ನ ನೋಡಕೋತ ಕುಂತೇನಿ. ಮುದುಕಿ ಆದೆ. ನೋಡಾಕ ಕುಂತರ ನನಗ ಹಾಲ ಉಕ್ಕೂದ ಕಾಣತೈತಿ. ತವರಮನಿ ಹೊಲಾ ಕಾಣತೈತಿ. ಸತ್ತ ನನ್ನ ಮಗಳ ಕಾಣತಾಳ. ಇದೊಂದ ಕಾಣೂದಿಲ್ಲ."

ನಾನು ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಸಾಲೆಯ ಹುಡುಗಿ ಮಾಸ್ತರರನ್ನು ನೋಡುವ ಹಾಗೆ.

"ಅವತ್ತ ನಿನ್ನ ಕಣ್ಣ ನೋಡಿದ್ನಿ. ಅವು ಲಿಂಗದ ಮ್ಯಾಲ ನಿಂತಿದ್ದೂ. ಹ್ಯಾಂಗ ನಿಂದರಸಿದಿ?"

"ಗೊತ್ತಿಲ್ಲ ಆಯಿ. ಸುಮ್ಮ ಕುಂತರ ನಿಂದರೂದಿಲ್ಲ. ತಿರಗೂ ಮುಂದ ಅಷ್ಟ ನಿಂದರತಾವು."

"ಆ ಮಡಮ್ ಏನ ಹೇಳಿಕೊಟ್ಟಾಳ, ಅದನ್ನ ಹೇಳ."

"ಮೈ ತಿರಗಲಿ. ಕಣ್ಣ ಕಡೀಕ ಹೊಂಡಬೇಕು, ಮದ್ಲ ಬರಬೇಕು."

"ಕಡೀಕ ಹೊಂಡಬೇಕು, ಮದ್ಲ ಬರಬೇಕು," ಎಂದು ಆಯಿ ಬಾಯಿಪಾಠ ಮಾಡುವವಳ ಹಾಗೆ ಎರಡು ಸಲ ಅಂದಳು. ಆಮೇಲೆ ಲಿಂಗವನ್ನು ಎದುರಿನ ಮಣೆಯ ಮೇಲೆ ಇಟ್ಟಳು. ತನ್ನ ಮೈಮೇಲಿಂದ, ತನ್ನ ಕೈಯಾರೆ. ಅವಳು ಗೋಡೆ ಹಿಡಿದು ಎದ್ದಳು, ಬಾಗಿಲ ಅಗಳಿ ಹಾಕಿದಳು, ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡಳು.

"ಯಾವ ಕಾಲಿನ ಮ್ಯಾಲ ನಿಂದರಬೇಕು?" ಎಂದಳು.